ಕೋಟಗುಂಟದ ಮನೆಪಟ್ಟಿ

ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ ಎಂದು ನರಹರಿಗೆ ಮೊದಲ ದಿನವೇ ಅನಿಸಿತು.

ಹದಿನಾರು ವರ್ಷದ ಹಿಂದೆ, ರಜಾಕಾರರ ಗದ್ದಲದಲ್ಲಿ ಕಾಣೆಯಾದ ಗಂಡನ ಹೆಸರು ಊರಿನ ಪಟ್ಟಿಯಲ್ಲಿ ಉಳಿಸಿಕೊಡಿ ಎಂದು ಬಂದವಳು ಅವಳು. ಗಂಡನನ್ನು ಹುಡುಕಿಕೊಡಿ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ನರಹರಿ ಹೈದರಾಬಾದಿನ ಸಚಿವಾಲಯದಲ್ಲಿ ಮಸೂದೆಗಳ ಕರಡು ಬರೆಯುವ ಗುಮಾಸ್ತ. ೧೯೬೪ರಲ್ಲಿ ಅವನ ಮೇಜಿಗೆ ಗಡಿಯಂಚಿನ ಕೋಟಗುಂಟ ಎಂಬ ಸಣ್ಣ ಪಟ್ಟಣದ ಕಡತ ಬಂತು. ನಿಜಾಮರ ಕಾಲದ ಸನದು ಎಂಬ ಆಜ್ಞಾಪತ್ರದ ಪ್ರಕಾರ ಆ ಊರಿನ ಆಡಳಿತ ನಡೆದಿತ್ತು. ಈಗ ಅದು ರದ್ದಾಗಿ, ವಿಧಾನಸಭೆಯ ಹೊಸ ಕಾನೂನು ಬರಬೇಕು. ಆಕ್ಷೇಪಣೆ ಇದ್ದವರು ತಿಂಗಳೊಳಗೆ ಬಂದು ಹೇಳಿ ಎಂದು ಗೆಜೆಟ್ಟಿನಲ್ಲಿ ಪ್ರಕಟಿಸಿದರೆ, ಇಡೀ ಊರಿನಿಂದ ಬಂದವಳು ಸೂಗಮ್ಮ ಒಬ್ಬಳೇ.

ಕೋಟಗುಂಟದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಯುಗಾದಿಗೆ ಮನೆಮನೆಯವರ ಹೆಸರಿದ್ದ ಊರಿನ ಮನೆಪಟ್ಟಿಯನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಿ, ಸತ್ತವರ ಹೆಸರು ಹೊಡೆದುಹಾಕುತ್ತಿದ್ದರು. ಹೊಡೆದ ಹೆಸರು ಗಂಡಸಿನದಾದರೆ ಅದೇ ಸಂಜೆ ಅವನ ಹೆಂಡತಿಯ ಬಳೆ ಒಡೆಯಲು ನೆಂಟರು ಬರುತ್ತಿದ್ದರು. ಆದರೆ ಕಾಣೆಯಾದವನ ಹೆಸರನ್ನು ಅವನ ಹೆಂಡತಿಯೋ ತಾಯಿಯೋ ಎದ್ದುನಿಂತು ಹೇಳುವವರೆಗೆ ಮುಟ್ಟುವಂತಿರಲಿಲ್ಲ. ಸನದಿನಲ್ಲೇ ಹಾಗೆ ಬರೆದಿತ್ತು. ಹೊಸ ಮಸೂದೆಯ ಹದಿನಾಲ್ಕನೆಯ ಕಲಮು ಬೇರೆ ಹೇಳುತ್ತಿತ್ತು: ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ನಮೂದಿಸತಕ್ಕದ್ದು.

"ಮನ್ಯಾಗ ಅತ್ತಿ ಅದಾರ್ರಿ ಸಾಹೇಬ್ರ," ಎಂದಳು ಸೂಗಮ್ಮ. "ಮಗ ಬರ್ತಾನಂತ ದಿನಾ ಹೊಸ್ತಿಲದಾಗ ಕೂಡತಾರ. ಅವರು ಇರೂತನಕ ಹೆಸರು ಹಂಗಽ ಇರ್ಲಿ. ಬ್ಯಾರೆ ಏನೂ ಕೇಳಂಗಿಲ್ಲ."

"ಪೇಪರಿನಾಗ ಫೋಟೋ ಹಾಕಸೋಣೇನ್ರಿ? ಎಲ್ಲರೆ ಇದ್ರ ಗೊತ್ತಾಗತದ."

"ಬ್ಯಾಡ್ರಿ."

ಉತ್ತರ ತಡವಿಲ್ಲದೆ ಬಂತು. ಸರಿ, ಗಂಡ ಎಲ್ಲಿದ್ದಾನೆಂದು ಇವಳಿಗೆ ಗೊತ್ತಿದೆ, ಎಲ್ಲೋ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ಮರ್ಯಾದೆಗೆ ಅಂಜಿ ಇವಳು ಬಾಯಿ ಬಿಡುತ್ತಿಲ್ಲ ಎಂದು ನರಹರಿ ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಅವಳ ಬಗ್ಗೆ ಕನಿಕರವೇ ಹುಟ್ಟಿತು. ಅಂಥವನ ಹೆಸರಿನಲ್ಲಿ ಇವಳು ಹಣೆತುಂಬ ಕುಂಕುಮ ಇಟ್ಟುಕೊಂಡಿದ್ದಾಳಲ್ಲ ಎನಿಸಿತು.

ಹೊರಡುವಾಗ ಅವಳು ಸುಲ್ತಾನ್ ಬಜಾರಿಗೆ ಹೋಗುವ ಬಸ್ಸು ಯಾವುದೆಂದು ಕೇಳಿದಳು.

"ಹಸರ ಬಳಿ ಇಡಿಸ್ಕೊಂಡು ಬಾ ಅಂದಾರ್ರಿ ನಮ್ಮತ್ತಿ. ಬರೇ ಇದಽ ಹುಕುಂ ಅವರದು. ದಿನಾ ಮುಂಜಾನೆ ಕುಂಕುಮಾನೂ ತಾವಽ ಹಚ್ಚತಾರ."

ತಾನು ಕಾಯುವುದಲ್ಲದೆ ಸೊಸೆಯನ್ನೂ ಹೊಸ್ತಿಲಿಗೆ ಕಟ್ಟಿಹಾಕಿದ್ದಾಳಲ್ಲ ಈ ಮುದುಕಿ ಎಂದು ನರಹರಿ ಮನಸ್ಸಿನಲ್ಲೇ ಬೈದುಕೊಂಡ.

ಆ ಒಂದು ಹೆಸರಿಗಾಗಿ ಅವನು ಮೇಲಧಿಕಾರಿಯ ಕೋಣೆಗೆ ಮೂರು ಸಲ ಹೋದ. ಒಬ್ಬ ಹೆಂಗಸಿಗೆ ಒಂದು ಕಾನೂನೇನಯ್ಯಾ ಎಂದು ಅವರು ತೆಲುಗಿನಲ್ಲಿ ಚೆನ್ನಾಗಿಯೇ ಬೈದರು. ಬೈದು ಸಹಿಯನ್ನೂ ಹಾಕಿದರು. ಹದಿನಾಲ್ಕನೆಯ ಕಲಮಿನ ಕೆಳಗೆ ಒಂದು ಸಾಲು ಸೇರಿತು: ಸನದಿನ ಕಾಲದಿಂದ ಪಟ್ಟಿಯಲ್ಲಿರುವ ಹೆಸರನ್ನು ಹೆಂಡತಿಯ ಅಥವಾ ತಾಯಿಯ ಹೇಳಿಕೆಯಿಲ್ಲದೆ ತೆಗೆಯತಕ್ಕದ್ದಲ್ಲ.

ಸಭೆಯಲ್ಲಿ ಮಸೂದೆ ಐದು ನಿಮಿಷಕ್ಕೆ ಪಾಸಾಯಿತು. ಆ ಸಾಲನ್ನು ಯಾರೂ ಓದಿದಂತೆ ಕಾಣಲಿಲ್ಲ. ಸಂಜೆ ಮಲ್ಕಾಜ್‌ಗಿರಿಯ ರೈಲಿನಲ್ಲಿ ನರಹರಿ ಜಾಗ ಸಿಗದೆ ನಿಂತೇ ಮನೆಗೆ ಹೋದ. ಅಷ್ಟು ವರ್ಷ ಬರೆದ ಕಾನೂನುಗಳಲ್ಲಿ ಆ ಒಂದು ಸಾಲು ಮಾತ್ರ ತನ್ನದು ಎಂದು ಅವನಿಗೆ ಖುಷಿಯಾಗಿತ್ತು.

ಮರುವರ್ಷ ಯುಗಾದಿಗೆ ನಾಲ್ಕು ದಿನವಿರುವಾಗ ಸೂಗಮ್ಮ ಮತ್ತೆ ಬಂದಳು. ಕೈಯಲ್ಲಿ ಅದೇ ಹಸಿರು ಬಳೆಗಳು.

"ಯುಗಾದಿ ದಿನ ಚಾವಡಿಯಾಗ ಎದ್ದು ನಿಂತು, ಹೆಸರು ಹೊಡೀರಿ ಅಂತ ಹೇಳಾಕಿ ಅದೀನ್ರಿ. ನೀವು ಭಾಳ ಒದ್ದಾಡಿರಿ. ಮೊದಲ ನಿಮಗ ಹೇಳಬೇಕಂತ ಬಂದೆ."

ನರಹರಿಗೆ ಸಿಟ್ಟೇ ಬಂತು. ಇಷ್ಟಕ್ಕೇ ಆಗಿದ್ದರೆ ಹೋದ ವರ್ಷ ಅಷ್ಟೆಲ್ಲ ಬೈಸಿಕೊಂಡದ್ದು ಯಾಕೆ? ಅವನು ಬಾಯಿ ತೆರೆಯುವ ಮೊದಲೇ ಸೂಗಮ್ಮ ಸೆರಗಿನ ಗಂಟು ಬಿಚ್ಚಿ, ಕಪ್ಪಾದ ಬೆಳ್ಳಿಯ ಉಡದಾರವೊಂದನ್ನು ಮೇಜಿನ ಮೇಲಿಟ್ಟಳು. ಗಂಡಸು ಬದುಕಿರುವವರೆಗೆ ಸೊಂಟದಿಂದ ಬಿಚ್ಚದ ವಸ್ತು ಅದು.

"ಅವರದಽರಿ. ಗದ್ದಲದ ವರ್ಷಾನಽ ಅವರ ಗೆಳ್ಯಾರೊಬ್ರು ತಂದು ನನ್ನ ಕೈಯಾಗ ಕೊಟ್ರು. ತಾವಽ ಮಣ್ಣು ಮಾಡಿ ಬಂದಿದ್ರು."

ನರಹರಿಯ ತೀರ್ಮಾನವೆಲ್ಲ ಮಣ್ಣುಪಾಲಾಯಿತು. "ಮತ್ತ ಇಷ್ಟು ವರ್ಷ?"

"ಒಬ್ಬನಽ ಮಗಾರಿ ಅತ್ತಿಗೆ. ಬರ್ತಾನಂತ ಹೇಳಿ ಎರಡು ತುತ್ತು ಉಣತಿದ್ರು. ಸತ್ತಾನಂದಿದ್ರ ಅದನ್ನೂ ಬಿಡತಿದ್ರು. ಇದನ್ನ ಜ್ವಾಳದ ಗಡಗಿಯಾಗ ಹುಗಿದಿಟ್ಟು ಸುಮ್ಮನಾದೆ. ಶಿವರಾತ್ರಿ ಮರುದಿನ ಅತ್ತಿ ಹ್ವಾದ್ರು. ಕುಂಕುಮ ಹಚ್ಚೋ ಕೈಯಽ ಇಲ್ಲ, ಇನ್ನ ಯಾರ ಸಲವಾಗಿ ಇಟಗೊಳ್ಳಲಿ?"

ನರಹರಿಗೆ ಇವಳ ಬಗ್ಗೆ ಏನೇನೋ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಏನಾದರೂ ಸಮಾಧಾನ ಹೇಳಬೇಕೆಂದು ಹುಡುಕಿದ.

"ಅಂತೂ ಕಡೀತನಕ ಮಗ ಅದಾನಂತ ನಂಬಿಕೊಂಡಽ ಹ್ವಾದ್ರಲ್ಲ ಆ ತಾಯಿ. ನಿಮ್ಮ ಪುಣ್ಯರಿ ಅದು."

ಸೂಗಮ್ಮ ತಲೆಯೆತ್ತಲಿಲ್ಲ. ಬಳೆಗಳನ್ನು ಒಂದೊಂದಾಗಿ ಸವರುತ್ತ ಕೂತಳು.

"ಇಲ್ಲರಿ ಸಾಹೇಬ್ರ. ಜೀವ ಹೋಗೋ ಮುಂದ ನನ್ನ ಕೈ ಹಿಡಕೊಂಡು ಅಂದ್ರು: 'ಗಡಗಿಯಾಗಿನ ಉಡದಾರ ನಾ ಅದಽ ವರ್ಷ ನೋಡೀನಿ ಸೂಗೂ. ಇಪ್ಪತ್ತು ವರ್ಷದ ಹುಡುಗಿ ನೀ, ಮಗ ಸತ್ತಾನಂದ್ರ ನಿನ್ನ ಬಳಿ ಒಡೀತಿದ್ರು. ಅದಕ್ಕಽ ನಾ ಹೊಸ್ತಿಲದಾಗ ಕುಂತೆ.'"