ಆದಂಗೇ

“ಆಲ್ ಬಟ್ ಡೆಡ್ ಅಂದ್ರೆ ಸತ್ತುಹೋದ ಅಂತ ಬರ್ದಿದ್ದೀಯಲ್ಲ ಲೋಲಾಕ್ಷಿ, ನಿನ್ನ ತಲೇಲಿ ಏನಿದೆ?” ಎಂದು ಟ್ಯೂಷನ್ ಮೇಷ್ಟ್ರು ಸೀಮೆಸುಣ್ಣ ಬಿಸಾಡಿದರು.

ಲೋಲಾಕ್ಷಿ ಬಗ್ಗಿ ಅದನ್ನು ಎತ್ತಿಟ್ಟಳು. ಮದುವೆಯಾಗುತ್ತೇನೆಂದು ಮೇಷ್ಟ್ರು ಅವಳಿಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಮೊದಲು ತಂಗಿಯ ಮದುವೆ ಮುಗಿಯಲಿ ಎಂದರು, ಆಮೇಲೆ ಮನೆಗೆ ತಾರಸಿ ಬರಲಿ ಎಂದರು, ಈಗ ಇವಳು ಇಂಗ್ಲಿಷ್ ಪಾಸಾಗಲಿ ಎನ್ನುತ್ತಿದ್ದರು. ಅಷ್ಟರಲ್ಲಿ ಅವಳ ಬೈತಲೆಯ ಅಂಚಿನಲ್ಲಿ ನರೆ ಕಾಣಿಸಿಕೊಂಡಿತ್ತು. ಮೇಷ್ಟ್ರ ಮಧ್ಯಾಹ್ನದ ಊಟ ಮಾತ್ರ ಅಂದಿನಿಂದಲೂ ದಿನಾ ಅವಳು ತರುವ ಡಬ್ಬಿಯದೇ.

“ಸತ್ತಂಗೇ ಅಂತ ಅಲ್ವಾ?” ಎಂದಳು.

“ಸತ್ತಂಗೇ ಅಂದ್ರೆ ಸತ್ತಿಲ್ಲ ಅಂತ. ಆಲ್ಮೋಸ್ಟ್ ಅನ್ನು, ನಿಯರ್ಲಿ ಅನ್ನು, ಆಸ್ ಗುಡ್ ಆಸ್ ಅನ್ನು, ಆ ಕೆಲಸ ಆಗಿಲ್ಲ ಅಂತಲೇ ಅರ್ಥ. ಎಷ್ಟು ಸಲ ಬಡ್ಕೊಳ್ಳಲಿ?”

“ನಮ್ಮವ್ವ ಕೇಳ್ದಾಗೆಲ್ಲ ಮದುವೆ ಆದಂಗೇ ಅಂತೀರಲ್ಲ, ಅದು?”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಡಸ್ಟರ್ ಹುಡುಕತೊಡಗಿದರು.

“ಅದು ಕನ್ನಡ ಕಣೇ.”

“ಕನ್ನಡ ನಂಗೂ ಬತ್ತದೆ,” ಎಂದು ಲೋಲಾಕ್ಷಿ ಊಟದ ಖಾಲಿ ಡಬ್ಬಿ ಎತ್ತಿಕೊಂಡು ಹೊರಟಳು.

ಮಾರನೆಯ ಮಧ್ಯಾಹ್ನ ಮೇಷ್ಟ್ರು ಕೈ ತೊಳೆದುಕೊಂಡು ಬಾಗಿಲು ನೋಡುತ್ತ ಕೂತೇ ಇದ್ದರು.