ನಿಲ್ಲದ ಎದೆ

ಉಸಿರಾಟದ ಯಂತ್ರ ತೆಗೆದು ಬಹಳ ಹೊತ್ತಾಗಿದ್ದರೂ ಗಂಡನ ಎದೆ ಅವಳ ಅಂಗೈ ಕೆಳಗೆ ಬಡಿದುಕೊಳ್ಳುತ್ತಲೇ ಇತ್ತು. ತಲೆಗೆ ಬಿದ್ದ ಏಟಿಗೆ ಮದ್ದಿಲ್ಲ, ಯಂತ್ರ ತೆಗೆದರೆ ಕೆಲವೇ ನಿಮಿಷ ಎಂದು ಡಾಕ್ಟರು ಹೇಳಿದ್ದರು.

“ಯಾಕೆ ಡಾಕ್ಟ್ರೇ, ಇನ್ನೂ ನಿಂತಿಲ್ಲ?”

“ಇವರು ದಿನಾ ಓಡ್ತಿದ್ರಲ್ಲಮ್ಮ, ಹೃದಯ ಪಳಗಿಬಿಟ್ಟಿದೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳೋದು ಕಲ್ತಿದೆ. ಬೇಗ ಸೋಲಲ್ಲ.”

ಮಾವ ಎದೆನೋವಿನಿಂದ ತೀರಿಕೊಂಡಾಗಿನಿಂದ, ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದ ದರ್ಜಿ ಗಂಡನನ್ನು ದಿನಾ ಬೆಳಗ್ಗೆ ಹೊದಿಕೆ ಕಿತ್ತು ಓಡಲು ಅಟ್ಟುತ್ತಿದ್ದವಳು ಅವಳೇ. ಮೊನ್ನೆಯೂ ಹಾಗೆಯೇ ಅಟ್ಟಿದ್ದಳು. ಲಾರಿ ಗುದ್ದಿದ್ದು ಆಗಲೇ.

ಅವಳು ಅವನ ಕಿವಿಯ ಹತ್ತಿರ ಬಾಗಿದಳು.

“ಸಾಕು ರೀ,” ಎಂದಳು. “ಇನ್ನು ಮಲಗಿ.”