ಬೀಗದ ತೂತಿಗೆ ಮೇಣ

ಬೀಗ ರಿಪೇರಿ ಮಾಡುವ ಕೆಂಚಪ್ಪ ಹಿಂದಿನ ಎರಡು ಸಲ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದಾಗಲೂ ಹೆಂಡತಿಗೆ ವಾಂತಿ ಶುರುವಾದ ಮೇಲೆಯೇ ಅದನ್ನು ತಡೆಯುವ ಮಾತ್ರೆ ಕೊಟ್ಟಿದ್ದ. ಅವಳು ಮನೆಯ ದಾರಿಯುದ್ದಕ್ಕೂ ಕಕ್ಕಿದ್ದಳು.

"ಕ್ಯಾನ್ಸರ್ ಔಷಧಿಯ ಡ್ರಿಪ್ ಏರಿದ ಕೂಡಲೇ ವಾಂತಿಯ ಕೀಲಿ ಹೋಗಿ ಮಿದುಳಿನ ಬೀಗ ತೆಗೆಯುತ್ತೆ," ಎಂದು ಡಾಕ್ಟರು ಗದರಿದ್ದರು. "ಈ ಮಾತ್ರೆ ಆ ಬೀಗದ ತೂತಿಗೆ ಮೇಣ ತುಂಬಿದ ಹಾಗೆ. ಕೀಲಿ ತಿರುಗಿದ ಮೇಲೆ ತುಂಬಿ ಏನು ಬಂತು? ಒಂದು ಗಂಟೆ ಮೊದಲೇ ಕೊಡಪ್ಪ."

ಈ ಸಲ ಗಡಿಯಾರ ನೋಡಿಯೇ ನುಂಗಿಸಿದ. ಗಂಡಸರನ್ನು ಬಿಡದ ವಾರ್ಡಿನ ಹೊರಗೆ ಮಧ್ಯಾಹ್ನದವರೆಗೂ ಕಾದ.

ಬಸ್ಸಿನಲ್ಲಿ ಅವಳು ಒಮ್ಮೆಯೂ ಓಕರಿಸಲಿಲ್ಲ. ಮನೆಗೆ ಬಂದು ಅನ್ನ ಸಾರನ್ನೂ ಉಂಡಳು.

"ನೋಡ್ದೇನೇ, ಈ ಸಲ ಮೇಣ ಗಟ್ಟಿಯಾಗಿ ಕೂತೈತೆ!" ಎಂದು ಕೆಂಚಪ್ಪ ಹಿಗ್ಗಿದ.

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇವತ್ತು ಡ್ರಿಪ್ ಹಾಕ್ಲೇ ಇಲ್ಲ ಕಣ್ರೀ. ಇನ್ನು ಹಾಕಿ ಪ್ರಯೋಜನ ಇಲ್ವಂತೆ."